ಚಿಗರಿ ಫೋಟೋಗೆ ಹೋಗುವವರಿಗೆ: ಬಟ್ಟೆಗೆ ಅಡುಗೆ ಸೋಡಾ

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಕನೂರು ಕಡೆ ಚಿಗರಿ (ಕೃಷ್ಣಮೃಗ) ಫೋಟೋ ತೆಗೆಯಲು ಹೋಗುವವರು, ನಮ್ಮ ವಾಸನೆ ಹಿಡಿದು ಅದು ಓಡದಿರಲಿ ಅಂತ, ಹಿಂದಿನ ದಿನ ಬಟ್ಟೆಯನ್ನು ಸೋಪಿನ ಪುಡಿ ಬಿಟ್ಟು ಅಡುಗೆ ಸೋಡಾ ಹಾಕಿದ ನೀರಲ್ಲಿ ಒಗೆದು ಬಯಲಲ್ಲಿ ಒಣಗಿಸಿ. ಕ್ಯಾಮೆರಾ ಬ್ಯಾಗಿನ ಪಟ್ಟಿಯನ್ನೂ ಅದೇ ನೀರಲ್ಲಿ ಒರೆಸಿ, ಬೆವರು ಜಾಸ್ತಿ ಕುಡಿದಿರುವುದು ಅದೇ. ಬೆವರಿನ ಹುಳಿ ವಾಸನೆಯನ್ನು ಸೋಡಾ ಮುರಿಯುತ್ತದೆ. ಸೋಪಿನ ಸೆಂಟು ಸುಮ್ನೆ ಇನ್ನೊಂದು ವಾಸನೆ ಸೇರಿಸುತ್ತದೆ, ಅಲ್ವಾ? ಹೊಲಕ್ಕೆ ಹೋದ ಮೇಲೆ ಒಂದೆಳೆ ಹತ್ತಿ ಹಾರಿಬಿಟ್ಟು ನೋಡಿ, ಗಾಳಿ ಮುಖಕ್ಕೆ ಬಡಿಯುವ ಹಾಗೆ ಕೂರಿ. ಗಾಳಿ ಬೆನ್ನಿಗಿದ್ದರೆ ಸೋಡಾ ಹಾಕಿಯೂ ಪ್ರಯೋಜನ ಇಲ್ಲ. ಚಿಗರಿಯ ಕಣ್ಣೂ ಬಲು ಚುರುಕು, ಎರೆಹೊಲದಲ್ಲಿ ಎದ್ದು ನಿಂತರೆ ಮುಗೀತು. ಕರಡಿ ಓಡಾಡುವ ಗುಡ್ಡದ ಕಡೆ ಮಾತ್ರ ಇದು ಬೇಡ. ಅಲ್ಲಿ ನಮ್ಮ ವಾಸನೆ ಅದಕ್ಕೆ ಮೊದಲೇ ಗೊತ್ತಾಗುವುದೇ ಒಳ್ಳೆಯದು. (ಇದು ಫೋಟೋಗೆ ಮಾತ್ರ. ಚಿಗರಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ.)