ಗ್ರಾಮೀಣ ಭೂದೃಶ್ಯ ಚಿತ್ರದ ಭಾವವನ್ನು ಓದುವ ಬಗೆ

ಹಳ್ಳಿಗಾಡಿನ ಚಿತ್ರವೊಂದರ ಮುಂದೆ ನಿಂತೊಡನೆ ‘ಪ್ರಶಾಂತ’ ಎಂಬ ಮಾತು ನಾಲಿಗೆಗೆ ಬಂದುಬಿಡುತ್ತದೆ. ಅದನ್ನು ಸ್ವಲ್ಪ ಹೊತ್ತು ತಡೆದು, ದಿಗಂತರೇಖೆ ಎಲ್ಲಿದೆ, ಬೆಳಕು ಯಾರ ಮೇಲೆ ಬೀಳುತ್ತಿದೆ, ಅಲ್ಲಿರುವ ಮನುಷ್ಯರು ಏನು ಮಾಡುತ್ತಿದ್ದಾರೆ ಎಂಬುದನ್ನಷ್ಟೇ ಮೊದಲು ಗುರುತಿಸಿಕೊಳ್ಳಿ.

ಫ್ರೆಂಚ್ ಚಿತ್ರಕಾರ ಜೀನ್ ಫ್ರಾನ್ಸ್ವಾ ಮಿಲೆ 1857ರಲ್ಲಿ ಚಿತ್ರಿಸಿದ, ಕೊಯ್ಲಾದ ಹೊಲದಲ್ಲಿ ಹಕ್ಕಲಾಯುವ ಮೂವರು ಹೆಂಗಸರ ಚಿತ್ರವನ್ನು ನೋಡಿ. ದೂರದ ಬಣವೆಗಳೂ ತುಂಬಿದ ಬಂಡಿಯೂ ಹೊಂಬಿಸಿಲಿನಲ್ಲಿ ಮಿಂದಿವೆ. ಬಲಗಡೆ, ತೀರಾ ಚಿಕ್ಕದಾಗಿ, ಕುದುರೆಯ ಮೇಲೆ ಕುಳಿತ ಮೇಲ್ವಿಚಾರಕನಿದ್ದಾನೆ. ಮುಂಭಾಗದ ಹೆಂಗಸರ ಮುಖಗಳಾದರೋ ನೆರಳಿನಲ್ಲಿವೆ. ಇಬ್ಬರು ಪೂರ್ತಿ ಬಾಗಿದ್ದಾರೆ, ಮೂರನೆಯವಳು ಅರೆಬಾಗಿದ್ದಾಳೆ, ದಿಗಂತರೇಖೆಯನ್ನು ಎತ್ತರಕ್ಕೆ ಎಳೆದಿರುವುದರಿಂದ ಅವರ ದೇಹಗಳು ಬಹುಮಟ್ಟಿಗೆ ನೆಲದೊಳಗೇ ಉಳಿದು ಆಕಾಶಕ್ಕೆ ಏರುವುದೇ ಇಲ್ಲ. ಸುಗ್ಗಿಯ ಸಮೃದ್ಧಿ ಹಿಂದೆ, ಅದರ ಅಳಿದುಳಿದ ತೆನೆ ಮುಂದೆ: ಚಿತ್ರದ ಅರ್ಥವೆಲ್ಲ ಈ ಅಂತರದಲ್ಲಿದೆ. ಹಾಗಿದ್ದರೂ ಮಿಲೆ ಆ ಹೆಂಗಸರನ್ನು ದೀನರನ್ನಾಗಿಸದೆ ಶಿಲ್ಪದಂಥ ಘನತೆಯನ್ನು ಕೊಟ್ಟಿದ್ದಾನೆ. ಇದು ಕರುಣೆಯ ಚಿತ್ರವಲ್ಲ, ಗೌರವದ ಚಿತ್ರ ಎಂದೇ ನನ್ನ ನಂಬಿಕೆ. ಅರಸೊತ್ತಿಗೆಯನ್ನು ಉರುಳಿಸಿದ 1848ರ ಕ್ರಾಂತಿಯ ನೆನಪು ಇನ್ನೂ ಹಸಿಯಾಗಿದ್ದ ಪ್ಯಾರಿಸ್ಸಿನಲ್ಲಿ ಬಡವರನ್ನು ಇಷ್ಟು ಭವ್ಯವಾಗಿ ತೋರಿಸಿದ್ದು ಹಲವು ವಿಮರ್ಶಕರಿಗೆ ಇರಿಸುಮುರಿಸು ತಂದಿತು.

ಆಕಾಶಕ್ಕೆ ಹೆಚ್ಚು ಜಾಗ ಸಿಕ್ಕ ಚಿತ್ರಗಳಲ್ಲಿ ಮೋಡಗಳಿಂದಲೇ ಓದು ಆರಂಭವಾಗಲಿ. ಭೂದೃಶ್ಯದಲ್ಲಿ ಭಾವವನ್ನು ಹೊರುವ ಮುಖ್ಯ ಅಂಗವೇ ಆಕಾಶ ಎಂದು ಇಂಗ್ಲಿಷ್ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821ರ ಪತ್ರವೊಂದರಲ್ಲಿ ಬರೆದಿದ್ದ. ಅದೇ ವರ್ಷ ಅವನು ಪ್ರದರ್ಶಿಸಿದ, ಹೊಳೆ ದಾಟುವ ಬಂಡಿಯ ಚಿತ್ರದಲ್ಲಿ ಮೋಡಗಳ ಚಲನೆ ನೆಲದ ಮೇಲಿನ ಬಿಸಿಲು ನೆರಳುಗಳಲ್ಲೂ ಕಾಣಿಸುತ್ತದೆ.

ಬಣ್ಣಗಳಿಗೆ ಸಿದ್ಧ ಅರ್ಥಗಳನ್ನು ಅಂಟಿಸಬೇಡಿ. ಪಕ್ಕದ ಬಣ್ಣದೊಡನೆ ಅವು ಹೇಗೆ ವರ್ತಿಸುತ್ತವೆ ಎಂಬುದಷ್ಟೇ ಮುಖ್ಯ.

ಕಲಾವಿದನ ಬದುಕಿನ ಕಥೆಯನ್ನು ಕೊನೆಗಷ್ಟೇ ತನ್ನಿ. ಡಚ್ ಚಿತ್ರಕಾರ ವ್ಯಾನ್ ಗೋ 1890ರ ಜುಲೈನಲ್ಲಿ ಚಿತ್ರಿಸಿದ, ಕಾಗೆಗಳು ಹಾರುವ ಗೋಧಿ ಹೊಲವನ್ನು ಸಾವಿನ ಮುನ್ಸೂಚನೆಯೆಂದು ಓದುವವರು ಬಹಳ, ಏಕೆಂದರೆ ಅದೇ ತಿಂಗಳು ಅವನು ತೀರಿಕೊಂಡ. ಆದರೆ ಆ ದಿನಗಳ ಗೋಧಿ ಹೊಲದ ಚಿತ್ರಗಳ ಬಗ್ಗೆ ತಮ್ಮನ ಮನೆಗೆ ಬರೆದ ಪತ್ರದಲ್ಲಿ ಅವನು ದುಃಖ ಮತ್ತು ತೀವ್ರ ಒಂಟಿತನದ ಜೊತೆಗೆ, ಹಳ್ಳಿಗಾಡು ಕೊಡುವ ಆರೋಗ್ಯ ಹಾಗೂ ಬಲದ ಮಾತನ್ನೂ ಆಡಿದ್ದಾನೆ. ಆ ಪತ್ರವನ್ನು ಓದಿ ಮರಳಿ ಚಿತ್ರಕ್ಕೆ ಬಂದರೆ, ಕಪ್ಪೇರಿದ ಆಕಾಶದಷ್ಟೇ ಒತ್ತಾಗಿ, ಬೀಸುಗಾಳಿಗೆ ಮೈಯೊಡ್ಡಿ ನಿಂತ ಹಳದಿ ಪೈರೂ ಕಣ್ಣಿಗೆ ಬೀಳುತ್ತದೆ.