ತಲೆ ಅಲ್ಲಾಡಿಸಬೇಡ ಅನ್ನುವುದನ್ನು ಬಿಟ್ಟ ಮೇಲೆ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಓದು-ಬರಹದಂಥ ದಿನದ ಕೆಲಸಗಳಲ್ಲಿ ಕಷ್ಟಪಡುವವರಿಗೆ ನೆರವಾಗುವವಳು. ಮಕ್ಕಳ ಕಣ್ಣಿನ ಚಲನೆ ನೋಡುವಾಗ ಶುರುವಿನಲ್ಲಿ ಒಂದು ತಪ್ಪು ಮಾಡುತ್ತಿದ್ದೆ. ಮಗುವಿನ ಮುಂದೆ ಪೆನ್ಸಿಲ್ ಎತ್ತಿದ ಕೂಡಲೇ "ತಲೆ ಅಲ್ಲಾಡಿಸಬೇಡ ಪುಟ್ಟಾ, ಕಣ್ಣಲ್ಲೇ ನೋಡು" ಅಂದುಬಿಡುತ್ತಿದ್ದೆ. ಪಾಪ, ಮಗು ಕತ್ತು ಬಿಗಿಹಿಡಿದು ನಿಲ್ಲುತ್ತಿತ್ತು. ಕಣ್ಣಿನ ಜೊತೆ ತಲೆಯೂ ತಾನಾಗಿ ಅಲ್ಲಾಡುತ್ತದಾ ಅನ್ನುವುದನ್ನೇ ನಾನು ನೋಡಬೇಕಾಗಿತ್ತು.

ಈಗ ಕಣ್ಣಿನ ಚಲನೆಗೆ ಅಂಕ ಕೊಡುವ ಎನ್‌ಎಸ್‌ಯುಸಿಒ ಅನ್ನುವ ಪರೀಕ್ಷೆಯ ಕ್ರಮ ಹಿಡಿದಿದ್ದೇನೆ. ಮಗು ಎದುರಿಗೆ ನಿಲ್ಲುತ್ತದೆ. ಸುಮಾರು 40 ಸೆಂ.ಮೀ. ದೂರದಲ್ಲಿ ಎರಡು ಕಡ್ಡಿ ಹಿಡಿಯುತ್ತೇನೆ, ತುದಿಯಲ್ಲಿ ಒಂದಕ್ಕೆ ಕೆಂಪು ಮಣಿ, ಒಂದಕ್ಕೆ ಹಸಿರು. ನಡುವೆ 20 ಸೆಂ.ಮೀ. "ಕೆಂಪು ಅಂದಾಗ ಕೆಂಪು ನೋಡು, ಹಸಿರು ಅಂದಾಗ ಹಸಿರು." ಹೀಗೆ ಐದು ಸುತ್ತು. ಆಮೇಲೆ ಒಂದೇ ಮಣಿಯನ್ನು ಗಡಿಯಾರದ ಮುಳ್ಳಿನಂತೆ ಎರಡು ಸಲ, ಉಲ್ಟಾ ಎರಡು ಸಲ ತಿರುಗಿಸುತ್ತೇನೆ. ತಲೆಯ ಮಾತೇ ಎತ್ತುವುದಿಲ್ಲ. ಎಷ್ಟು ಸುತ್ತು ಆಯಿತು, ಕಣ್ಣು ಎಷ್ಟು ಸರಿಯಾಗಿ ಹೋಯಿತು, ತಲೆ ಎಷ್ಟು ಅಲ್ಲಾಡಿತು, ಮೈ ಎಷ್ಟು ಅಲ್ಲಾಡಿತು ಅಂತ ನಾಲ್ಕಕ್ಕೂ 1ರಿಂದ 5ರವರೆಗೆ ಅಂಕ.

ಮೂರನೇ ಕ್ಲಾಸಿನ ಒಬ್ಬ ಹುಡುಗ ಬಂದಿದ್ದ. "ಬೋರ್ಡ್ ನೋಡಿ ಬರ್ಕೊಳ್ಳೋಕೆ ಸೋಮಾರಿ ಮೇಡಂ" ಅಂದರು ಅವನ ಅಮ್ಮ. ಮಣಿ ಅವನ ಮೂಗಿನ ನೇರಕ್ಕೆ ಬಂದಾಗಲೆಲ್ಲ ರೆಪ್ಪೆ ಪಟಪಟ ಬಡಿಯುತ್ತಿತ್ತು, ಕಣ್ಣು ಮಣಿಯನ್ನು ಬಿಟ್ಟು ಆಚೆ ಹೋಗಿ ಹಿಡಿಯುತ್ತಿತ್ತು. ಗದ್ದ ಮಣಿಯ ಹಿಂದೆಯೇ ಸುತ್ತುತ್ತಿತ್ತು. ನಾಲಿಗೆ ತುಟಿಯ ಅಂಚಿಗೆ ಬಂದಿತ್ತು. ಇದು ಸೋಮಾರಿತನ ಅಲ್ಲ, ಅಷ್ಟು ಕಷ್ಟಪಡುತ್ತಿದ್ದ.

ಕಣ್ಣಿನ ವ್ಯಾಯಾಮ ಶುರು ಮಾಡಲಿಲ್ಲ. ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ನಾನು ಮಾಡುವುದು ತಪಾಸಣೆ ಮಾತ್ರ, ಕಾಯಿಲೆ ಹೆಸರಿಸುವುದು ನನ್ನ ಕೆಲಸ ಅಲ್ಲ. ಅವರು ಡ್ರಾಪ್ಸ್ ಹಾಕಿ ನೋಡಿದಾಗ ಪ್ಲಸ್ ಪವರ್ ಸಿಕ್ಕಿತು, ಅಂದರೆ ಹತ್ತಿರದ್ದನ್ನು ನೋಡಲು ಕಣ್ಣು ಹೆಚ್ಚು ಶ್ರಮಪಡಬೇಕಾದ ದೋಷ. ಕನ್ನಡಕ ಬಂತು.

ಅಂಕಿಗಳನ್ನು ಓದಿಸಿ ಸಮಯ ಅಳೆಯುವ ಡಿಇಎಂ ಪರೀಕ್ಷೆಯನ್ನೂ ಮಾಡುತ್ತೇನೆ, 6ರಿಂದ 13 ವರ್ಷದವರಿಗೆ. ನಮ್ಮ ಮಕ್ಕಳು ಅಂಕಿಗಳನ್ನು ಕನ್ನಡದಲ್ಲಿ ಹೇಳಿದರೆ ಅವರು ತೆಗೆದುಕೊಂಡ ಸಮಯವನ್ನು ಅಮೆರಿಕದ ಮಕ್ಕಳ ಸೆಕೆಂಡುಗಳ ಜೊತೆ ಹೋಲಿಸುವುದು ಸರಿಯಲ್ಲ ಅನ್ನಿಸುತ್ತದೆ. ಅದರ ಬದಲು ಒಂದೇ ಮಗು ಮೇಲಿನಿಂದ ಕೆಳಕ್ಕೆ ಓದಿದ್ದಕ್ಕೂ ಅಡ್ಡಡ್ಡ ಓದಿದ್ದಕ್ಕೂ ಇರುವ ವ್ಯತ್ಯಾಸ ನೋಡುತ್ತೇನೆ. ಕೆಳಕ್ಕೆ ಓದುವುದೇ ನಿಧಾನವಾದರೆ ಅಂಕಿಯ ಹೆಸರು ನೆನಪಾಗಲು ತಡ ಆಗುತ್ತಿರಬಹುದು.

ಕೊನೆಗೆ ಮಗುವಿನದೇ ಕನ್ನಡ ಪಠ್ಯ ಓದಿಸುತ್ತೇನೆ. ಸಾಲು ಬಿಟ್ಟು ಹೋಗುವುದು ಬೇರೆ, ಒತ್ತಕ್ಷರ ತಡವರಿಸುವುದು ಬೇರೆ. ಎರಡನೆಯದಕ್ಕೆ ಅಕ್ಷರ-ಶಬ್ದದ ಕಲಿಕೆಯನ್ನೇ ನೋಡಬೇಕು. ಡಿಸ್ಲೆಕ್ಸಿಯಾ, ಅಂದರೆ ಓದು ಕಲಿಯುವುದರಲ್ಲೇ ಇರುವ ತೊಂದರೆ, ಕಣ್ಣಿನ ವ್ಯಾಯಾಮದಿಂದ ಹೋಗುವುದಿಲ್ಲ. ದಯವಿಟ್ಟು ಆ ಆಸೆಗೆ ದುಡ್ಡು ಸುರಿಯಬೇಡಿ.

ಕನ್ನಡಕ ಹಾಕಿಕೊಂಡ ಒಂದೂವರೆ ತಿಂಗಳಿಗೆ ಹುಡುಗನನ್ನು ಮತ್ತೆ ನೋಡಿದೆ. ರೆಪ್ಪೆ ಬಡಿಯುವುದು ಕಡಿಮೆ ಆಗಿತ್ತು. ಗದ್ದ ಮಾತ್ರ ಇನ್ನೂ ಸುತ್ತುತ್ತಿತ್ತು. ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಪಾದ ನೆಲಕ್ಕೆ ಊರುವ ಕುರ್ಚಿ ಕೊಡಿಸಿದೆವು. ಬೋರ್ಡಿನ ಬದಲು ಪಕ್ಕದಲ್ಲಿಟ್ಟ ಪುಸ್ತಕ ನೋಡಿ ಬರೆಯಲಿ ಅಂತ ಅವನ ಟೀಚರನ್ನು ಕೇಳಿಕೊಂಡೆ, ಅವರು ಆವತ್ತೇ ಒಪ್ಪಿದರು.