ಸಂಜೆ ಘಮಿಸುವ ದಾಸವಾಳ: ಮನೆಯಂಗಳದಲ್ಲೇ ಹೊಸ ತಳಿ

ದಾಸವಾಳದಲ್ಲಿ ಪರಿಮಳ ಅಪರೂಪ. ಚಳಿಗೆ ಕಾಂಡ ಒಣಗಿದರೂ ಬುಡದಿಂದ ಮತ್ತೆ ಚಿಗುರುವ ಗಟ್ಟಿ ದಾಸವಾಳಗಳ ಪೈಕಿ ಆ ಗುಣಕ್ಕಾಗಿ ಹುಡುಕಬೇಕಾದ್ದು ಹೈಬಿಸ್ಕಸ್ ಗ್ರಾಂಡಿಫ್ಲೋರಸ್ ಅನ್ನು. ಅಮೆರಿಕದ ಆಗ್ನೇಯ ಭಾಗದ ಜೌಗು ನೆಲದ ಗಿಡವಿದು. ಮಖಮಲ್ಲಿನಂಥ ಎಲೆ, ತಿಳಿಗುಲಾಬಿ ಹೂವು, ನಡುವೆ ಕಡುಗೆಂಪು ಕಣ್ಣು. ಸಂಜೆ ಅರಳಿ ಘಮಿಸುತ್ತದೆ, ಮರುದಿನ ಬಿಸಿಲೇರುವಷ್ಟರಲ್ಲಿ ಬಾಡುತ್ತದೆ. ಮಧ್ಯಾಹ್ನ ಮೂಸಿ ನೋಡಿ ವಾಸನೆಯಿಲ್ಲ ಎನ್ನುವವರೇ ಹೆಚ್ಚು.

ಇದರ ತೊಂದರೆ ಎರಡು: ಆಳೆತ್ತರ ಮೀರಿ ಬೆಳೆಯುತ್ತದೆ, ತಡವಾಗಿ ಹೂ ಬಿಡುತ್ತದೆ. ಹಾಗಾಗಿ ಇದರ ಪರಾಗವನ್ನು ಇನ್ನೊಂದು ಜಾತಿಯ ಹೂವಿಗೆ ಹಾಕಿ ಹೊಸ ತಳಿ ಪಡೆಯಬೇಕು. ಬೀಜ ಕೊಡುವ ತಾಯಿಯಾಗಿ ಹೈಬಿಸ್ಕಸ್ ಮಾಸ್ಕ್ಯೂಟೋಸ್ ಎಂಬ ಮತ್ತೊಂದು ಗಟ್ಟಿ ದಾಸವಾಳದಲ್ಲಿ ಕುಳ್ಳಗಿನ, ಬೇಗ ಹೂ ಬಿಡುವ ತಳಿಯನ್ನು ಆರಿಸಿಕೊಳ್ಳಿ. ಎರಡರಲ್ಲೂ ವರ್ಣತಂತುಗಳು 38, ಕಾಯಿ ಕಟ್ಟುತ್ತದೆ. ಸಾಮಾನ್ಯ ಕೆಂಪು ದಾಸವಾಳದ ಪರಾಗ ಹಾಕಿದರೆ ಶ್ರಮ ದಂಡ.

ಗಿಡಕ್ಕೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು, ಎಂದೂ ಒಣಗದ ಮಣ್ಣು ಬೇಕು. ನೀರು ಕಡಿಮೆಯಾದರೆ ಮೊಗ್ಗು ಉದುರುತ್ತದೆ. ಚಳಿಗಾಲದ ನಂತರ ಉಳಿದೆಲ್ಲ ಗಿಡಗಳಿಗಿಂತ ತಡವಾಗಿ ಚಿಗುರುವುದರಿಂದ ಸತ್ತಿತೆಂದು ಕೀಳಬೇಡಿ. ಗುರುತಿಗೆ 10 ಸೆಂ.ಮೀ. ಕೂಳೆ ಬಿಡಿ.

ಪರಾಗ ಹಾಕುವ ಕೆಲಸ ಸಂಜೆಯೇ ಶುರುವಾಗಬೇಕು. ತಾಯಿ ಗಿಡದಲ್ಲಿ ನಾಳೆ ಅರಳುವ ಮೊಗ್ಗು ಯಾವುದೆಂದು ಮೊದಲು ನೋಡಿ: ಉಬ್ಬಿರುತ್ತದೆ, ಸುರುಳಿ ಸುತ್ತಿದ ದಳದ ಬಣ್ಣ ಹೊರಗೆ ಇಣುಕುತ್ತಿರುತ್ತದೆ. ಸಣ್ಣ ಕತ್ತರಿಯಿಂದ ದಳ ಸೀಳಿ ತೆಗೆಯಿರಿ. ಒಳಗಿನ ಕಂಬದ ಮೈತುಂಬ ಕೇಸರಗಳು, ತುದಿಯಲ್ಲಿ ಐದು ಪುಟ್ಟ ಗುಂಡುಗಳು. ಆ ಗುಂಡುಗಳೇ ಶಲಾಕಾಗ್ರ. ಅವನ್ನು ಮುಟ್ಟದೆ ಚಿಮಟದಿಂದ ಕೇಸರಗಳನ್ನೆಲ್ಲ ಕಿತ್ತು, ತುದಿಗೆ ಅಲ್ಯೂಮಿನಿಯಂ ಹಾಳೆಯ ಟೋಪಿ ಹಾಕಿ. ಇಲ್ಲದಿದ್ದರೆ ಬೆಳಗಾಗುತ್ತಲೇ ಜೇನ್ನೊಣ ನಿಮಗಿಂತ ಮುಂಚೆ ಕೆಲಸ ಮುಗಿಸಿರುತ್ತದೆ. ಅದೇ ಸಂಜೆ ಗ್ರಾಂಡಿಫ್ಲೋರಸ್ ಹೂವಿನ ಕೇಸರಗಳನ್ನು ಕಾಗದದಲ್ಲಿ ಮಡಿಸಿ, ಒಣ ಡಬ್ಬಿಯಲ್ಲಿ ಫ್ರಿಜ್ಜಿನೊಳಗಿಡಿ. ಬೆಳಿಗ್ಗೆ ಟೋಪಿ ತೆಗೆದು ಐದೂ ಗುಂಡುಗಳಿಗೆ ಪರಾಗ ಸವರಿ. ದಾಸವಾಳದ ಪರಾಗ ದಪ್ಪ, ಅಂಟಿದ ಕಾಳು ಬರಿಗಣ್ಣಿಗೇ ಕಾಣುತ್ತದೆ. ಟೋಪಿ ಮತ್ತೆ ಹಾಕಿ ಚೀಟಿ ಕಟ್ಟಿ, ತಾಯಿಯ ಹೆಸರು ಮೊದಲು ಬರೆಯಿರಿ. ಪೆನ್ಸಿಲ್ಲೇ ವಾಸಿ, ಶಾಯಿ ಮಳೆಗೆ ನಿಲ್ಲದು.

ಕೂಡದಿದ್ದರೆ ವಾರದೊಳಗೆ ತೊಟ್ಟು ಹಳದಿಯಾಗಿ ಕಳಚುತ್ತದೆ. ಕೂಡಿದರೆ ಕಾಯಿ ಬಲಿಯಲು ಒಂದು ತಿಂಗಳ ಮೇಲೆ ಬೇಕು. ಬೀಜ ಕೊರೆಯುವ ಮೂತಿಹುಳು ಬಾರದಂತೆ ತೆಳುಬಟ್ಟೆಯ ಚೀಲ ಕಟ್ಟಿ. ಎಲೆ ಜಾಲರಿಯಾದರೆ ಅಡಿಭಾಗ ನೋಡಿ; ಅಲ್ಲಿರುವುದು ಗರಗಸನೊಣದ ಮರಿಯಾದರೆ ಬಿಟಿ (ಬ್ಯಾಕ್ಟೀರಿಯಾದಿಂದ ಮಾಡಿದ ಕೀಟನಾಶಕ) ಸಿಂಪಡಣೆ ನಾಟದು, ಅದು ಚಿಟ್ಟೆ-ಪತಂಗದ ಮರಿಗಳಿಗೆ ಮಾತ್ರ. ಕೈಯಿಂದಲೇ ಆರಿಸಿ.

ಬೀಜದ ಸಿಪ್ಪೆ ಗಟ್ಟಿ. ಉಪ್ಪುಕಾಗದಕ್ಕೆ ಒಂದು ಬದಿ ಉಜ್ಜಿ, ರಾತ್ರಿ ಬೆಚ್ಚಗಿನ ನೀರಲ್ಲಿ ನೆನೆಸಿ, 1 ಸೆಂ.ಮೀ. ಆಳಕ್ಕೆ ಬಿತ್ತಿ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಕಾವಿದ್ದರೆ ಎರಡು ವಾರದೊಳಗೆ ಮೊಳೆಯುತ್ತದೆ.

ಮೊದಲ ಪೀಳಿಗೆಯಲ್ಲಿ ಪರಿಮಳ ಕಾಣದಿದ್ದರೂ ಗಿಡಗಳನ್ನು ಎಸೆಯಬೇಡಿ. ಅಡಗಿದ ಗುಣ ಹೊರಬರುವುದು ಅವುಗಳನ್ನೇ ಪರಸ್ಪರ ಕೂಡಿಸಿ ಪಡೆದ ಎರಡನೆಯ ಪೀಳಿಗೆಯಲ್ಲಿ; ಅದರಲ್ಲಿ ಸಾಧ್ಯವಾದಷ್ಟು ಹೆಚ್ಚು ಸಸಿ ಬೆಳೆಸಿ, ಸಂಜೆಯೂ ಬೆಳಿಗ್ಗೆಯೂ ಮೂಸಿ ಆರಿಸಿ. ಇಷ್ಟವಾದ ಗಿಡದ ಬೀಜ ಅದೇ ಗಿಡ ಕೊಡದು. ಹಾಗಾಗಿ ಬೇಸಿಗೆಯ ಆರಂಭದಲ್ಲಿ, ಮೊಗ್ಗಿಲ್ಲದ ತುದಿಯಿಂದ 12 ಸೆಂ.ಮೀ. ಕಡ್ಡಿ ನೆಡಿ. ತಡವಾಗಿ ನೆಟ್ಟದ್ದು ಬೇರು ಬಿಟ್ಟರೂ ಮೊದಲ ಚಳಿಗಾಲ ದಾಟುವುದು ಕಷ್ಟ.